ಕೆಳಗಿನ ಹಲಗೆ

ಒಳಗೆ ನುಣುಪಾಗಿತ್ತೇ?

ಇರಲಿಕ್ಕಿಲ್ಲ. ಹೊರಮೈ ಅಷ್ಟು ಸೊಟ್ಟಗಿದ್ದ ಬಟ್ಟಲು ಒಳಗೆ ಹೇಗೆ ನುಣುಪಾಗಿದ್ದೀತು? ಆದರೆ ಬೆರಳಿಗೆ ಬೇರೆಯೇ ನೆನಪಿತ್ತು. ಅಂದು ತೋರುಬೆರಳನ್ನು ಬಟ್ಟಲಿನೊಳಗೆ ಒಂದು ಸುತ್ತು ಆಡಿಸಿದ್ದು, ಅದು ಎಲ್ಲಿಯೂ ತಡೆಯದೆ ತಿರುಗಿ ಬಂದದ್ದು, ಬಂದಾಗ ಮನಸ್ಸಿನಲ್ಲಿ ಏನೋ ಒಂದು ಚೂರು ಅಲುಗಾಡಿದ್ದು. ಅಥವಾ ಅದು ಬೇರೆ ಯಾವುದೋ ಬಟ್ಟಲಿನ ನೆನಪೋ. ದಿನಕ್ಕೆ ಇಪ್ಪತ್ತು ಬಟ್ಟಲು ಮುಟ್ಟುವವನ ಬೆರಳನ್ನು ಎಷ್ಟೆಂದು ನಂಬುವುದು?

ಚೇತನಕುಮಾರ ಕಲ್ಲಿನ ಬಾನಿಯ ದಂಡೆಯ ಮೇಲೆ ಕುಳಿತು ಇದನ್ನೇ ತಿರುಗಾಮುರುಗಾ ಯೋಚಿಸುತ್ತಿದ್ದ. ಸ್ವಲ್ಪ ಹೊತ್ತಿನ ಹಿಂದೆ ಹುನಗುಂದದಿಂದ ಫೋನು ಬಂದಿತ್ತು. ನಾಗರತ್ನಾ ಮಾತಾಡಿ, ಫೋನನ್ನು ಎದೆಗೆ ಒತ್ತಿ ಹಿಡಿದು, ಬಾಗಿಲಿನಿಂದಲೇ ಕೇಳಿದ್ದರು.

"ಚೇತನ, ಶಂಕ್ರಪ್ಪನವರದು ಒಂದು ಬಟ್ಟಲ ಇಲ್ಲೆ ಐತೇನು? ಬಸಲಿಂಗವ್ವಾರು ಕೇಳಾಕತ್ಯಾರ. ಕಡೇ ಸಲ ಬಂದಾಗ ಮಾಡಿದ್ದಂತ. ಐತವಾರ ಒಯ್ಯಾಕ ಬರ್ತಾರಂತ."

"ನೋಡ್ತೇನ್ರಿ ಅಕ್ಕಾರ" ಎಂದಿದ್ದ ಚೇತನ. ನೋಡಲು ಏನೂ ಉಳಿದಿಲ್ಲ ಎಂಬುದು ಆ ಮಾತು ಬಾಯಿಂದ ಬೀಳುವ ಮೊದಲೇ ಅವನಿಗೆ ತಿಳಿದಿತ್ತು.

ವಿದ್ಯಾಗಿರಿಯ ಕೊನೆಯ ಓಣಿಯಲ್ಲಿ, ಹಿಂದೆ ಹತ್ತಿಯ ಗೋದಾಮಾಗಿದ್ದ ಕಟ್ಟಡದಲ್ಲಿ ನಾಗರತ್ನಾ ಈ ಮಣ್ಣಿನ ಶಾಲೆ ತೆರೆದು ಆರು ವರ್ಷವಾಗಿತ್ತು. ಅವರು ಹೈಸ್ಕೂಲಿನಲ್ಲಿ ಚಿತ್ರಕಲೆ ಕಲಿಸಿ ನಿವೃತ್ತರಾದವರು. ಬಾಗಿಲಿಗೆ ಬೋರ್ಡಿರಲಿಲ್ಲ, ಒಂದು ಒಡೆದ ಮಣ್ಣಿನ ಹರವಿಯನ್ನು ಬೋರಲು ಹಾಕಿದ್ದರು, ಅದೇ ಗುರುತು. ಯಾರು ಬಂದರೂ, ಚಪ್ಪಲಿ ಕಳಚುವ ಮೊದಲೇ "ಬರ್ರಿ, ಕೈ ತೊಳಕೊಂಡು ಕುಂಡ್ರಿ" ಎನ್ನುತ್ತಿದ್ದರು. ಯಾಕೆ ಬಂದಿರಿ ಎಂದು ಒಬ್ಬರನ್ನೂ ಕೇಳಿದ್ದಿಲ್ಲ. ಕಾಲೇಜಿನ ಹುಡುಗಿಯರು ಬರುತ್ತಿದ್ದರು, ಬಸ್ ಕಂಡಕ್ಟರು ಬರುತ್ತಿದ್ದ, ಕೆರೂರಿನಿಂದ ಒಬ್ಬ ಕಾಯಿಪಲ್ಲೆ ವ್ಯಾಪಾರಿ ಖಾಲಿ ಚೀಲಗಳನ್ನು ಮೂಲೆಗೆ ಒಗೆದು ಬಂದು ಒಂದು ತಾಸು ಮಣ್ಣು ನಾದಿ, ಏನನ್ನೂ ಮಾಡದೆ, ಹಗುರಾಗಿ ಎದ್ದು ಹೋಗುತ್ತಿದ್ದ. ಕೈಯಿಂದಲೇ ಕಟ್ಟುವುದನ್ನು ನಾಗರತ್ನಾ ಕಲಿಸುತ್ತಿದ್ದರು. ತಿಗರಿಯ ಚಕ್ರದ ಮೇಲೆ ತಿರುವುವುದನ್ನು ಚೇತನ ಕಲಿಸುತ್ತಿದ್ದ. ಭಟ್ಟಿಯ ಉಸ್ತುವಾರಿ ಜಾಫರಸಾಬನದು. ಅವನು ಮೂವತ್ತು ವರ್ಷ ಹಂಚಿನ ಭಟ್ಟಿಯಲ್ಲಿ ಬೆಂಕಿ ನೋಡಿದವನು, ಹೊಗೆಯ ಬಣ್ಣ ನೋಡಿಯೇ ಒಳಗಿನ ಸ್ಥಿತಿ ಹೇಳುತ್ತಿದ್ದ.

ಮಣ್ಣು ಅಣೆಕಟ್ಟಿನ ಹಿನ್ನೀರಿನ ದಂಡೆಯಿಂದ ಬರುತ್ತಿತ್ತು. ಬೇಸಿಗೆಯಲ್ಲಿ ನೀರು ಹಿಂದೆ ಸರಿದಾಗ ಮುಳುಗಿದ ಹಳೇ ಊರಿನ ಅಂಚು ಮೇಲೇಳುತ್ತದೆ. ಗೋಡೆಗಳ ಬುಡ, ಒಂದೆರಡು ಮೆಟ್ಟಿಲು, ಎಲ್ಲಿಗೂ ಹೋಗದ ಓಣಿ. ಅಲ್ಲಿಂದ ಟ್ರ್ಯಾಕ್ಟರಿನಲ್ಲಿ ತಂದ ಮಣ್ಣನ್ನು ಸೋಸುವಾಗ ಬಳೆಚೂರು, ಹಂಚಿನ ತುಂಡು, ಒಮ್ಮೆ ಬಾಗಿಲಿನ ಚಿಲಕದ ಕೊಂಡಿ ಸಿಕ್ಕಿದ್ದವು. ನಾಗರತ್ನಾ ಅವನ್ನೆಲ್ಲ ಗಾಜಿನ ಬಾಟಲಿಯಲ್ಲಿ ತುಂಬಿಡುತ್ತಿದ್ದರು. ಯಾರದೋ ಮನೆಯೊಳಗೆ ಕೈ ಇಟ್ಟ ಹಾಗೆ ಆಗುತ್ತದೆ ಎಂದು ಚೇತನನಿಗೆ ಆಗಾಗ ಅನ್ನಿಸುತ್ತಿತ್ತು. ಅದನ್ನು ಅವನು ಯಾರ ಮುಂದೆಯೂ ಆಡಿದವನಲ್ಲ. ಆಡುವುದು ಅವನಿಗೆ ಒಗ್ಗುತ್ತಲೂ ಇರಲಿಲ್ಲ.

ಶಾಲೆಗೆ ಒಂದೇ ಒಂದು ನೇಮವಿತ್ತು. ಯಾರೇ ಬರಲಿ, ಅವರು ಮಾಡಿದ ಮೊದಲನೆಯದನ್ನು ಸುಡುವಂತಿಲ್ಲ. ಅದನ್ನು ಕೆಳಗಿನ ಹಲಗೆಯ ಮೇಲೆ ಇಡಬೇಕು. ಸೋಮವಾರ ಬೆಳಿಗ್ಗೆ ಅದು ಬಾನಿಗೆ ಹೋಗುತ್ತದೆ, ಕರಗಿ ಮತ್ತೆ ಮಣ್ಣಾಗುತ್ತದೆ. ಬಾನಿ ಎಂದರೆ ಹಳೇ ಊರಿನಲ್ಲಿ ದನಗಳಿಗೆ ನೀರು ಕುಡಿಸುತ್ತಿದ್ದ ಉದ್ದನೆಯ ಕಲ್ಲಿನ ತೊಟ್ಟಿ. ಎರಡನೆಯದರಿಂದ ಮುಂದಿನವು ಮಾತ್ರ ಮೇಲಿನ ಹಲಗೆಗೆ, ಅಲ್ಲಿಂದ ಭಟ್ಟಿಗೆ. "ಮೊದಲನೇದರ ಮ್ಯಾಲೆ ಜೀವ ಇಟ್ಟು ಕುಂತ್ರ ಕೈ ಮುಂದ ಹೋಗೂದಿಲ್ಲ" ಎನ್ನುತ್ತಿದ್ದರು ನಾಗರತ್ನಾ. ಯಾರೂ ಹೆಸರು ಬರೆಯುತ್ತಿರಲಿಲ್ಲ. ಯಾವ ಹಲಗೆಯ ಮೇಲಿದೆ ಎಂಬುದೇ ಅದರ ಹೆಸರು.

ಸೋಮವಾರದ ಈ ಕೆಲಸ ಚೇತನನದು. ಅವನಿಗೆ ಅದು ವಾರದಲ್ಲೇ ಪ್ರೀತಿಯ ಕೆಲಸ. ಒಣಗಿದ ಪಾತ್ರೆಯನ್ನು ಎರಡೂ ಕೈಯಲ್ಲಿ ಹಿಡಿದು ನೀರಿಗೆ ಇಳಿಸಿದರೆ ಮೊದಲು ಸಣ್ಣ ಗುಳ್ಳೆಗಳು ಏಳುತ್ತವೆ. ಆಮೇಲೆ ಬಹಳ ದೂರದಲ್ಲಿ ಯಾರೋ ಪಿಸುಗುಡುವಂಥ ಸದ್ದು. ಆಮೇಲೆ ಅಂಚು ಸಡಿಲುತ್ತದೆ, ಪಕ್ಕೆ ತೆರೆದುಕೊಳ್ಳುತ್ತದೆ, ಇದ್ದದ್ದು ಮೆಲ್ಲನೆ ಕೂತುಬಿಡುತ್ತದೆ. ಅವನು ಇಳಕಲ್ಲಿನವನು, ತಂದೆ ಗ್ರಾನೈಟ್ ಪಾಲಿಶ್ ಮಾಡುವವರು. ಕಲ್ಲಿನಲ್ಲಿ ಕೈ ಒಮ್ಮೆ ತಪ್ಪಿದರೆ ತಪ್ಪಿದ್ದೇ. ಕಲಾ ಪದವಿ ಮುಗಿಸಿ ಅವನು ಮಣ್ಣಿನ ಕಡೆ ಬಂದದ್ದು, ಇಲ್ಲಿ ಯಾವ ತಪ್ಪನ್ನೂ ನೀರು ಮರೆಸುತ್ತದೆ ಎಂಬ ಧೈರ್ಯದಿಂದ.

ಶಂಕ್ರಪ್ಪ ಲೈನ್‌ಮನ್ ಆಗಿದ್ದವರು. ತಿಗರಿಗಳಿಗೆ ಮೋಟಾರು ಜೋಡಿಸಿ ಕೊಡಲು ಬಂದವರು, ಜೋಡಿಸಿದ ಮೇಲೆ ಪರೀಕ್ಷೆ ಮಾಡಲು ಒಂದರ ಮುಂದೆ ಕುಳಿತವರು, ನಾಲ್ಕು ವರ್ಷ ಏಳಲೇ ಇಲ್ಲ. ಅವರ ಕೈಯಲ್ಲಿ ಗೋಡೆ ಕಾಗದದಷ್ಟು ತೆಳ್ಳಗೆ ಏಳುತ್ತಿತ್ತು. ಚೇತನ ಕಲಿಸಿದವನಾದರೂ ಕೊನೆಕೊನೆಗೆ ಅವರ ಹಿಂದೆ ನಿಂತು ನೋಡಿ ಕಲಿಯುತ್ತಿದ್ದ. ಕಳೆದ ದೀಪಾವಳಿಯ ಹೊತ್ತಿಗೆ ಅವರಿಗೆ ಲಕ್ವ ಹೊಡೆಯಿತು. ಬಲಗೈ ಸತ್ತುಹೋಯಿತು, ಮಾತು ತೊದಲಿತು. ಆಮೇಲೂ ಐತವಾರಗಳಲ್ಲಿ ಹೆಂಡತಿ ಬಸಲಿಂಗವ್ವ ಆಟೋದಲ್ಲಿ ಕರೆತಂದು ಕೂರಿಸುತ್ತಿದ್ದಳು. ಅವರು ಸುಮ್ಮನೆ ಕುಳಿತು ಉಳಿದವರ ಕೈ ನೋಡಿ, ಸಂಜೆ ಎದ್ದು ಹೋಗುತ್ತಿದ್ದರು. ಏಪ್ರಿಲ್ ಕೊನೆಯಲ್ಲಿ ತೀರಿಕೊಂಡರು. ಚೇತನ ಮಣ್ಣಿಗೆ ಹೋಗಿದ್ದ. ಎಲ್ಲರಂತೆ ಅವನೂ ಒಂದು ಹಿಡಿ ತೆಗೆದುಕೊಂಡಾಗ ಬೆರಳುಗಳು ತಮ್ಮಷ್ಟಕ್ಕೆ ತಾವೇ ಆ ಮಣ್ಣನ್ನು ನಾದಿ ನೋಡಿದ್ದವು, ಮರಳು ಹೆಚ್ಚಿದೆ ಎಂದು. ಅವನಿಗೆ ನಾಚಿಕೆಯಾಗಿತ್ತು.

ಅದಕ್ಕೆ ಎರಡು ವಾರ ಮೊದಲಿನ ಐತವಾರ ಅವನು ಊರಲ್ಲಿರಲಿಲ್ಲ. ಬಾದಾಮಿಯ ಒಂದು ಶಾಲೆಯ ಮಕ್ಕಳಿಗೆ ಮಣ್ಣಿನಲ್ಲಿ ಆನೆ ಮಾಡಿಸಲು ಹೋಗಿದ್ದ. ಮರುದಿನ ಬಂದಾಗ ಕೆಳಗಿನ ಹಲಗೆಯ ಮೇಲೆ ಮೂರು ಪಾತ್ರೆಗಳಿದ್ದವು. ಎರಡು ಕಾಲೇಜು ಹುಡುಗರವು. ಮೂರನೆಯದು ಅಂಗೈಯಲ್ಲಿ ಹಿಡಿಯುವಷ್ಟು ಸಣ್ಣ ಬಟ್ಟಲು. ಬಿಸಿಲಿಗೆ ಒಂದೇ ದಿನದಲ್ಲಿ ಒಣಗಿ ಬಿಳಿಚಿಕೊಂಡಿತ್ತು, ಹೊರಗೆ ಒಂದು ಕಡೆ ಉಬ್ಬಿ ಇನ್ನೊಂದು ಕಡೆ ತಗ್ಗಾಗಿ, ಯಾರೋ ಹೆದರಿ ಹೆದರಿ ಮುಟ್ಟಿದಂತಿತ್ತು. ಹೊಸಬರದು ಎಂದುಕೊಂಡ. ಬೆರಳು ಒಳಗೆ ಒಂದು ಸುತ್ತು ಹೋಯಿತು. ಆಮೇಲೆ ಗುಳ್ಳೆಗಳು, ಪಿಸುಮಾತು.

ಬುಧವಾರ ಫೋನು ಬಂದಿತ್ತು. ಐತವಾರಕ್ಕೆ ಇನ್ನು ನಾಲ್ಕು ಬೆಳಗು.

ಚೇತನ ಮರುದಿನದಿಂದಲೇ ಬೆಳಿಗ್ಗೆ ಐದಕ್ಕೆ ಎದ್ದು ಬಂದ. ಓಣಿಯಲ್ಲಿ ಹಾಲಿನವನ ಸೈಕಲ್ ಬಿಟ್ಟರೆ ಯಾರೂ ಇಲ್ಲದ ಹೊತ್ತು, ಬೆಳಕು ಬೂದಿಯಂತೆ ಕಿಟಕಿಯಿಂದ ಇಳಿಯುವ ಹೊತ್ತು. ಅವನು ತಿಗರಿಯ ಮುಂದೆ ಕುಳಿತು ಸೊಟ್ಟ ಬಟ್ಟಲು ಮಾಡಲು ಹೊರಟ. ಆಗಲಿಲ್ಲ. ಎಂಟು ವರ್ಷ ನೆಟ್ಟಗೆ ಮಾಡಿದ ಕೈ ಸೊಟ್ಟಗೆ ಮಾಡಲು ಒಪ್ಪಲಿಲ್ಲ. ಕಣ್ಣು ಮುಚ್ಚಿ ಮಾಡಿದ, ಎಡಗೈ ಒಂದರಿಂದಲೇ ಮಾಡಿದ, ಬಲಗೈ ಮಣಿಕಟ್ಟಿಗೆ ನೀರು ತುಂಬಿದ ಡಬ್ಬಿ ಕಟ್ಟಿಕೊಂಡು ಮಾಡಿದ. ಶುಕ್ರವಾರ ಬೆಳಿಗ್ಗೆ ಒಂದು ಬಟ್ಟಲು ಹೆಚ್ಚುಕಡಿಮೆ ಹಾಗೆಯೇ ಬಂತು. ಅದನ್ನು ಕೆಳಗಿನ ಹಲಗೆಯ ಮೇಲೆ, ಅದೇ ಜಾಗದಲ್ಲಿ ಒಣಗಲು ಇಟ್ಟ.

ಶನಿವಾರದ ನಸುಕಿನಲ್ಲಿ ಅವನಿಗೊಂದು ಕನಸು ಬಿತ್ತು. ಹಿನ್ನೀರು ಸರಿದು ಹಳೇ ಊರು ಪೂರ್ತಿ ಮೇಲೆದ್ದಿತ್ತು. ಅವನು ಓಣಿಯಲ್ಲಿ ನಡೆಯುತ್ತಿದ್ದ. ಪ್ರತಿ ಮನೆಯ ಕಟ್ಟೆಯ ಮೇಲೆ ಒಂದೊಂದು ಬಟ್ಟಲು ಬೋರಲಾಗಿತ್ತು. ಒಂದನ್ನು ಎತ್ತಿದ, ಅದರಡಿಯಲ್ಲಿ ಅಂಗೈಯಷ್ಟು ನೀರು, ಹಾಗೇ ನಿಂತ ನೀರು, ಅದರೊಳಗೆ ಒಂದು ಲೈಟಿನ ಕಂಬ. ತುದಿಯಲ್ಲಿ ಯಾರೋ ಕುಳಿತು ಎಡಗೈಯಿಂದ ತಂತಿ ಬಿಗಿಯುತ್ತಿದ್ದರು, ಅವನ ಕಡೆ ನೋಡಲಿಲ್ಲ.

ಐತವಾರ ಹನ್ನೊಂದರ ಹೊತ್ತಿಗೆ ಶಾಲೆ ಜನರಿಂದ ತುಂಬಿತ್ತು. ಪ್ರಿಯದರ್ಶಿನಿ ಎಂಬ ನರ್ಸು, ಎರಡು ವಾರದಿಂದ ಬರುತ್ತಿದ್ದವಳು, ತನ್ನ ಮೊದಲನೆಯ ಕಪ್ಪನ್ನು ಕೆಳಗಿನ ಹಲಗೆಯ ಮೇಲಿಡಲು ಮನಸ್ಸಾಗದೆ ಹಿಡಿದುಕೊಂಡು ಓಡಾಡುತ್ತಿದ್ದಳು.

"ಸರ, ಇದೊಂದ ಬಿಡ್ರಿ. ಇಷ್ಟ ಚಲೋ ಕಪ್ಪು ಯಾರರ ಮುಳಗಸ್ತಾರೇನ್ರಿ?"

"ಅದು ಕಪ್ಪಲ್ಲವ್ವಾ" ಎಂದ ಜಾಫರಸಾಬ ಭಟ್ಟಿಯ ಕಡೆಯಿಂದ. "ಒಂದು ಕಿವಿ ಇದ್ದ ಬದನಿಕಾಯಿ. ನಾ ಸುಟ್ರ ಎಣಗಾಯಿ ಆಗ್ತೈತಿ ಅಷ್ಟ."

ಆ ನಗುವಿನ ನಡುವೆ ಬಸಲಿಂಗವ್ವ ಒಳಗೆ ಬಂದಳು. ಹಣೆಗೆ ವಿಭೂತಿ, ಕೈಯಲ್ಲೊಂದು ಬಟ್ಟೆಯ ಚೀಲ. ಒಂದು ತಿಂಗಳು ಹುನಗುಂದದಲ್ಲಿ ಮಗಳು ಶೀಲಾಳ ಮನೆಯಲ್ಲಿದ್ದು, ಬೆಳಗಿನ ಬಸ್ಸಿಗೆ ನೇರ ಇಲ್ಲಿಗೇ ಬಂದಿದ್ದಳು. ನಗು ತಗ್ಗಿತು. ನಾಗರತ್ನಾ ಎದ್ದು ಹೋಗಿ ಅವಳ ಕೈ ಹಿಡಿದುಕೊಂಡರು.

"ಬರ್ರಿ ಬಸಲಿಂಗವ್ವಾರ, ಕುಂಡ್ರಿ. ನೀರ ಕುಡೀರಿ ಮದಲ."

"ನಗೂದ ಯಾಕ ನಿಲ್ಲಸಿದ್ರಿ?" ಎಂದಳು ಬಸಲಿಂಗವ್ವ. "ಇವ್ರು ಇದ್ದಾಗ ಹಿಂಗ ಸುಮ್ನ ಇರ್ತಿದ್ರೇನು? ಜಾಫರಣ್ಣ, ಏನ ಅಂದಿ ಆ ಹುಡಿಗಿಗೆ?"

"ಏನಿಲ್ಲ ವೈನಿ, ಅಡಗಿ ಮಾತು" ಎಂದ ಜಾಫರಸಾಬ. ಶಂಕ್ರಪ್ಪ ಅವನಿಗೆ ಅಣ್ಣನಂತಿದ್ದುದರಿಂದ ಅವಳನ್ನು ಮೊದಲಿನಿಂದಲೂ ವೈನಿ ಎಂದೇ ಕರೆಯುತ್ತಿದ್ದ.

ಅವಳು ನೀರು ಕುಡಿದು, ಚೀಲದಿಂದ ಒಂದು ಬಿಳಿ ಬಟ್ಟೆ ತೆಗೆದು ಮಡಿಲಲ್ಲಿ ಹರಡಿಕೊಂಡಳು. ಬಟ್ಟಲನ್ನು ಸುತ್ತಿಕೊಂಡು ಹೋಗಲು ತಂದದ್ದು. "ದೇವರ ಮುಂದ ವಿಭೂತಿ ಇಡಾಕ ಆಗ್ತೈತಿ ಅಂತ ಅವ್ರ ಅಂದಿದ್ರು. ಇನ್ನೂ ಸುಟ್ಟಿಲ್ಲೇನು? ಸುಟ್ಟ ಕೊಡ್ರಿ, ಕಾಯ್ತೇನಿ. ಎಲ್ಲೈತಿ ತಮ್ಮಾ?"

ಚೇತನ ಕೆಳಗಿನ ಹಲಗೆಯಿಂದ ಬಟ್ಟಲು ತೆಗೆದು ಅವಳ ಕೈಯಲ್ಲಿಟ್ಟ. ಕೊಟ್ಟದ್ದು ಸಲೀಸಾಗಿತ್ತು. ಅದಕ್ಕೇ ಅವನಿಗೆ ತನ್ನ ಮೇಲೆ ಹೆಚ್ಚು ಅಸಹ್ಯವಾಯಿತು.

ಬಸಲಿಂಗವ್ವ ಅದನ್ನು ನೋಡಲಿಲ್ಲ. ಹೊರಗೂ ಮುಟ್ಟಲಿಲ್ಲ. ತೋರುಬೆರಳನ್ನು ಒಳಗೆ ಇಳಿಬಿಟ್ಟು ಒಂದು ಸುತ್ತು ತಿರುಗಿಸಿದಳು.

"ಇದಲ್ಲ."

ಅವಳು ಬೆರಳನ್ನು ಇನ್ನೊಮ್ಮೆ ಒಳಗೆ ಆಡಿಸಿದಳು.

"ಇದು ಬೇಕಂತ ಸೊಟ್ಟ ಮಾಡಿದ್ದು. ಒಳಗೂ ಸೊಟ್ಟ ಐತಿ. ಅವರದು ಒಳಗ ಬೆಣ್ಣಿ ಆಗಿತ್ತು. ಹೊರಗ ಅಷ್ಟ ಸೊಟ್ಟ." ಅವಳು ಬಟ್ಟಲನ್ನು ಪಕ್ಕಕ್ಕಿಟ್ಟಳು. "ಯಾರದಿದು?"

"ಯಾರದೋ" ಎಂದ ಚೇತನ.

"ನಿಮಗ ಗೊತ್ತಿಲ್ಲ ಅನ್ನಸ್ತೈತಿ" ಎಂದು ಅವಳು ನಾಗರತ್ನಾರ ಕಡೆ ತಿರುಗಿದಳು. "ಅವತ್ತ ಮಧ್ಯಾಹ್ನ ಎಲ್ಲಾರೂ ಊಟಕ್ಕ ಹೋಗಿದ್ರಿ. ಈ ತಮ್ಮ ಬಾದಾಮಿಗಿ ಹೋಗಿದ್ದ. ಇವ್ರು ತಿಗರಿ ಮುಂದ ಕುಂಡ್ರಸು ಅಂದ್ರು. ಕುಂಡ್ರಿಸಿದ್ನಿ. ಎಡಗೈ ಒಳಗ ಇಟ್ರು. ಹೊರಗಿಂದ ಹಿಡ್ಯಾಕ ಬಲಗೈ ಏಳವಲ್ದು. ನನ್ನ ಮಾರಿ ನೋಡಿದ್ರು. ನಾ ಸೆರಗ ಸಿಗಿಸಿ ಎದುರಿಗಿ ಕುಂತ್ನಿ. ಹೊರಗಿನ ಕೈ ನಂದು."

"ನೀವ ಮಾಡಿದ್ರೇನು?" ಎಂದರು ನಾಗರತ್ನಾ.

"ನನಗೆಲ್ಲಿ ಬರ್ತೈತ್ರಿ? ಒತ್ತಬ್ಯಾಡ ಅಂದ್ರ ಒತ್ತತಿದ್ನಿ, ಒತ್ತು ಅಂದ್ರ ಬಿಡತಿದ್ನಿ. ಬೈದ್ರು. ಮಾತ ತೊದಲತಿತ್ತು ಖರೆ, ಬೈಗಳ ಮಾತ್ರ ನೆಟ್ಟಗ ಬಂದ್ವು." ಅವಳು ನಕ್ಕಳು, ಪ್ರಿಯದರ್ಶಿನಿಯೂ ನಕ್ಕು, ಕಣ್ಣೊರೆಸಿಕೊಂಡಳು. "ಮುಗಿದ ಮ್ಯಾಲೆ ನನ್ನ ಬೆರಳ ಹಿಡಿದು ಒಳಗ ಒಂದು ಸುತ್ತ ತಿರುಗಿಸಿದ್ರು. ನೋಡು ಅಂದ್ರು. ಮ್ಯಾಲಿನ ಹಲಗಿಗೆ ನನ್ನ ಕೈ ನಿಲಕಲಿಲ್ಲ, ಅವರ ಕೈ ಏಳಲಿಲ್ಲ. ಕೆಳಗ ಇಟ್ಟ ಹೋದ್ವಿ."

ಕೆಳಗೆ ಇಟ್ಟೆವು ಎಂದದ್ದು ಕೇಳಿದಾಗ ನಾಗರತ್ನಾರ ಕಣ್ಣು ಬಾನಿಯ ಕಡೆ ಹೋಯಿತು. ಅಲ್ಲಿಂದ ಅದು ತನ್ನ ಕಡೆ ಬರುತ್ತದೆ ಎಂದು ಚೇತನನಿಗೆ ತಿಳಿದಿತ್ತು. ಅವನು ಬಾಯಿ ತೆರೆದ. ಮಾತು ಸಿದ್ಧವಾಗಿತ್ತು, ಚಿಕ್ಕ ಮಾತು. ಅದು ನಾಲಿಗೆಯವರೆಗೂ ಬಂದು, ಒಣ ಪಾತ್ರೆಯಂತೆ ಅಲ್ಲೇ ಸಡಿಲಿ ಕೂತುಬಿಟ್ಟಿತು.

"ನನ್ನ ಕೈಯಾಗ ಹೋಗಿರಬೇಕು ವೈನಿ" ಎಂದ ಜಾಫರಸಾಬ. "ಆ ವಾರ ಭಟ್ಟಿ ತುಂಬೂವಾಗ ಒಂದೆರಡು ಒಡದ್ವು. ಕಣ್ಣಿಗಿ ಬಿಸಿಲ ಬಡದಿತ್ತು."

ಬಸಲಿಂಗವ್ವ ಅವನನ್ನು ಸ್ವಲ್ಪ ಹೊತ್ತು ನೋಡಿದಳು. "ಅವರೂ ಹಂಗ ಅಂತಿದ್ರು. ಜಾಫರನ ಕೈಯಾಗ ಕೊಟ್ರ ಕಲ್ಲೂ ಒಡೀತೈತಿ ಅಂತ." ಮಡಿಲಿನ ಬಟ್ಟೆಯನ್ನು ಮಡಿಸತೊಡಗಿದಳು. ಒಮ್ಮೆ ಮಡಿಸಿ, ಬಿಚ್ಚಿ, ಮತ್ತೆ ಮಡಿಸಿದಳು. "ಒಡದದ್ದು ಏನ ಮಾಡ್ತೀರಿ?"

"ಬಾನಿಗೇ ಹಾಕ್ತೇವಿ" ಎಂದ ಜಾಫರಸಾಬ.

"ಹಂಗಂದ್ರ ನೀರಿಗೇ ಹೋತು." ಅವಳು ಮಡಿಸಿದ ಬಟ್ಟೆಯನ್ನು ಚೀಲಕ್ಕೆ ಹಾಕಿದಳು. ಹೊರಗೆ ಎಲ್ಲೋ ಆಟೋ ಹೋಯಿತು. ಮೂಲೆಯಲ್ಲಿ ಯಾರೋ ನಿಲ್ಲಿಸಲು ಮರೆತ ತಿಗರಿಯೊಂದು ಬರಿದೇ ತಿರುಗುತ್ತಿತ್ತು. "ಹೋಗಬೇಕಾದ್ದ ಬಿಡ್ರಿ. ನಿಮ್ಮ ನೇಮನ ಐತೆಲ್ಲ. ಅವರದು ಕಡೀದು ಇರಬಹುದು, ನಂದು ಮೊದಲನೇದ."

ನಾಗರತ್ನಾ ಒಳಗಿನಿಂದ ಒಂದು ಏಪ್ರನ್ ತಂದು ಅವಳ ಹೆಗಲ ಮೇಲೆ ಹಾಕಿದರು. "ಎರಡನೇದು ಮಾಡ್ರಿ ಹಂಗಾರ" ಎಂದರು.

ಚೇತನ ಮಣ್ಣು ತರಲು ಹೋದ. ಹಿಂದಿನ ಕೋಣೆಯಲ್ಲಿ, ಹಸಿ ಚೀಲದ ಕೆಳಗೆ, ಆ ಬಟ್ಟಲು ಕರಗಿದ ವಾರ ಬಾನಿಯಿಂದ ತೆಗೆದು ಒಣಗಿಸಿ ನಾದಿದ ಮಣ್ಣಿನಲ್ಲಿ ಕೊನೆಯ ಒಂದು ಉಂಡೆ ಉಳಿದಿತ್ತು. ಉಳಿದದ್ದನ್ನು ಯಾರ್ಯಾರೋ ಒಯ್ದು, ಕುಂಡ ಮಾಡಿ, ಹಣತೆ ಮಾಡಿ, ಮನೆಗಳಿಗೆ ತೆಗೆದುಕೊಂಡು ಹೋಗಿಯಾಗಿತ್ತು. ಆ ಉಂಡೆಯಲ್ಲಿ ಆ ಬಟ್ಟಲು ಎಷ್ಟಿತ್ತೋ, ಇತ್ತೋ ಇಲ್ಲವೋ. ಅವನು ಅದನ್ನೇ ತಂದು ತಿಗರಿಯ ನಡುವೆ ಕೂರಿಸಿದ.

ಬಸಲಿಂಗವ್ವ ಸೆರಗು ಸಿಗಿಸಿ ಎದುರಿಗೆ ಕುಳಿತಳು. ಕೈ ಒದ್ದೆ ಮಾಡಿಕೊಂಡು ಮಣ್ಣಿನ ಹೊರಗೆ ಹಿಡಿದು, ಕಾದಳು.

"ನನಗ ಹೊರಗಿಂದಷ್ಟ ಬರ್ತೈತಿ" ಎಂದಳು. "ಒಳಗ ನೀ ಕೈ ಇಡು ತಮ್ಮಾ. ಎಡಗೈ."

ತಿಗರಿ ತಿರುಗಿತು. ಚೇತನ ಎಡಗೈಯನ್ನು ಮಣ್ಣಿನೊಳಗೆ ಇಳಿಸಿದ. ಗೋಡೆಯ ಆ ಕಡೆ ಅವಳ ಕೈ. ಅದು ಒತ್ತಬಾರದಲ್ಲಿ ಒತ್ತುತ್ತಿತ್ತು, ಒತ್ತಬೇಕಾದಲ್ಲಿ ಬಿಡುತ್ತಿತ್ತು. ಅವನ ಬೆರಳುಗಳು ಆ ತಪ್ಪುಗಳ ಹಿಂದೆಯೇ ಹೋಗಿ, ಒಂದೊಂದನ್ನೂ ಒಳಗಿನಿಂದ ನೇವರಿಸುತ್ತ ಬಂದವು. ಸುತ್ತ ನಿಂತವರು ಮಸುಕಾದರು. ನೀರಿನ ಅಡಿಯಲ್ಲಿ ಕುಳಿತಂತೆ, ಸದ್ದೆಲ್ಲ ಮೇಲೆ ಎಲ್ಲೋ ಉಳಿದಂತೆ ಅವನಿಗೆ ಅನ್ನಿಸಿತು. ಇಷ್ಟು ಹತ್ತಿರದಿಂದ ಅವನು ಯಾರೊಡನೆಯೂ ಮಾತಾಡಿದ್ದಿಲ್ಲ, ಈಗಲೂ ಮಾತಾಡುತ್ತಿರಲಿಲ್ಲ.

"ಬೈಯಲ್ಲೇನು?" ಎಂದಳು ಅವಳು.

"ಇಲ್ಲವ್ವಾ."

"ಬೈಬೇಕೋ. ಬೈಲಿಲ್ಲಂದ್ರ ಕೈ ಕಲಿಯೂದಿಲ್ಲ."

ಬಟ್ಟಲು ನಿಂತಿತು. ಹೊರಗೆ ಒಂದು ಕಡೆ ಉಬ್ಬು, ಒಂದು ಕಡೆ ತಗ್ಗು. ಅವಳು ಒಳಗೆ ಬೆರಳು ಬಿಟ್ಟು ಒಂದು ಸುತ್ತು ತಿರುಗಿಸಿದಳು, ಸರಿ ಎಂಬಂತೆ ತಲೆ ಆಡಿಸಿದಳು. ಚೇತನ ಅದನ್ನು ಎತ್ತಿ ಮೇಲಿನ ಹಲಗೆಯ ಮೇಲಿಟ್ಟ.

ಸಂಜೆ ಎಲ್ಲರೂ ಹೋದ ಮೇಲೆ ಚೇತನ ತಾನು ಮಾಡಿದ ಸೊಟ್ಟ ಬಟ್ಟಲನ್ನು ಬಾನಿಗೆ ಬಿಟ್ಟ. ಜಾಫರಸಾಬ ಭಟ್ಟಿಯ ಬಾಯಿಗೆ ಇಟ್ಟಿಗೆ ಜೋಡಿಸುತ್ತ, ತಿರುಗಿ ನೋಡದೆ ಮಾತಾಡಿದ.

"ಆ ಸೋಮವಾರ ನೀ ಆ ಬಟ್ಟಲ ನೀರಿಗಿ ಬಿಟ್ಟದ್ದು ನೋಡೇನಿ. ಇವತ್ತ ನೀ ಹೇಳ್ತಿ ಅಂತ ಸ್ವಲ್ಪ ಹೊತ್ತು ಕಾದ್ನಿ. ನಿನ್ನ ಬಾಯಿ ಏಳಲಿಲ್ಲ. ಅದಕ್ಕ ನಾ ಹೊತಗೊಂಡ್ನಿ. ಭಟ್ಟಿಯವ್ನ ತಲಿ ಮ್ಯಾಲೆ ಇನ್ನೊಂದು ಒಡದ್ರ ಭಾರ ಏನಿಲ್ಲ." ಇನ್ನೊಂದು ಇಟ್ಟಿಗೆ ಇಟ್ಟ. "ಇಳಸೂದು ಮಾತ್ರ ನಿನ್ನ ಕೆಲಸ ಲೇ. ಯಾವಾಗರ ಇಳಸು."

"ಹೂಂ" ಎಂದ ಚೇತನ.

ಮೂರು ವಾರದ ಮೇಲೆ ಬಟ್ಟಲು ಭಟ್ಟಿಯಿಂದ ಬಂತು, ಸಂಜೆಯ ಬಾದಾಮಿ ಗುಡ್ಡದ ಕೆಂಪು ಬಣ್ಣದಲ್ಲಿ. ಬಸಲಿಂಗವ್ವ ಅದನ್ನು ಬಿಳಿ ಬಟ್ಟೆಯಲ್ಲಿ ಸುತ್ತಿಕೊಂಡು ಹೋದಳು. ಮುಂದಿನ ಐತವಾರ ಮತ್ತೆ ಬಂದಳು, ಅದರ ಮುಂದಿನದಕ್ಕೂ. ಮಳೆಗಾಲ ಬಂದು ಹಿನ್ನೀರು ಏರಿ, ಹಳೇ ಊರಿನ ಓಣಿ ಮತ್ತೆ ಮುಳುಗಿತು. ಅವಳ ಹೊರಗಿನ ಕೈ ನಿಧಾನವಾಗಿ ಕಲಿಯಿತು. ಆಮೇಲೆ ಒಳಗಿನ ಕೈಯೂ ಕಲಿಯಿತು, ಚೇತನನ ಎಡಗೈ ಬೇಕಾಗಲಿಲ್ಲ. ಆದರೂ ಅವಳು ಅವನ ಎದುರಿನ ತಿಗರಿಯಲ್ಲೇ ಕೂರುತ್ತಿದ್ದಳು. ಜಾಫರಸಾಬನನ್ನು ಕಂಡಾಗಲೆಲ್ಲ "ಒಡಕ ಕೈಯವ್ನ, ನನ್ನ ಪಾತ್ರಿಗಿ ದೂರ ಸರೀ" ಎನ್ನುತ್ತಿದ್ದಳು, ಅವನು ನಗುತ್ತಿದ್ದ, ಚೇತನ ತಲೆ ತಗ್ಗಿಸಿ ಮಣ್ಣು ನಾದುತ್ತಿದ್ದ.

ಒಳಗೆ ನುಣುಪಾಗಿತ್ತು, ತನ್ನ ಬೆರಳಿಗೆ ಗೊತ್ತಾಗಿತ್ತು, ಆದರೂ ತಾನೇ ಆ ಬಟ್ಟಲನ್ನು ನೀರಿಗೆ ಬಿಟ್ಟೆ ಎಂದು ಚೇತನಕುಮಾರ ಬಸಲಿಂಗವ್ವನಿಗೆ ಎಂದೂ ಹೇಳಲಿಲ್ಲ.